ಬಾಡಿಗೆ ಮನೆಯಲ್ಲಿ ಕನ್ನಡ

ಆಂಡ್ರಾಯ್ಡ್ ಒಳ್ಳೆಯದೋ, ಐಫೋನೋ? ಕನ್ನಡಕ್ಕೊಂದು ಆಪ್ ಕಟ್ಟಲು ಹೊರಟ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಇದು. ಎರಡು ಬಾಡಿಗೆ ಮನೆಗಳಲ್ಲಿ ಯಾವುದು ವಾಸಿ ಎಂದು ಕೇಳಿದಂತೆ. ಮೂರನೆಯ ಜಾಗವೊಂದಿದೆ ಎಂಬುದೇ ಮರೆತುಹೋಗಿದೆ.

ಮೊದಲು ಲೆಕ್ಕ ನೋಡೋಣ. ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಕೂತು ಒಬ್ಬ ಹುಡುಗಿ ವಚನಗಳ ಪುಟ್ಟ ಆಪ್ ಮಾಡುತ್ತಾಳೆ ಎನ್ನಿ. ಐಫೋನಿಗಾದರೆ ವರ್ಷಕ್ಕೆ 99 ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ. ಜೊತೆಗೆ ಮ್ಯಾಕ್ ಕಂಪ್ಯೂಟರ್ ಬೇರೆ. ಮರುವರ್ಷ ಹಣ ಕಟ್ಟದಿದ್ದರೆ ಆಪ್ ಅಂಗಡಿಯಿಂದ ಇಳಿಯುತ್ತದೆ. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕೊಟ್ಟರಾಯಿತು, ಹಳೆಯ ಲ್ಯಾಪ್‌ಟಾಪೇ ನಡೆಯುತ್ತದೆ. ಓದುಗರೂ ಅಲ್ಲಿಯೇ ಇದ್ದಾರೆ: ಭಾರತದ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಆಪಲ್ ಐಫೋನಿನೊಳಗೆ ಕನ್ನಡದ ಕೀಲಿಮಣೆ ಇಟ್ಟದ್ದೇ 2017ರಲ್ಲಿ. ಈ ಇಬ್ಬರಲ್ಲೇ ಆರಿಸುವುದಾದರೆ ಆಂಡ್ರಾಯ್ಡ್ ಗೆದ್ದಿತು, ಚರ್ಚೆ ಬೇಕಿಲ್ಲ.

ಹಾಗೆಂದು ಗೂಗಲ್ ಧರ್ಮಛತ್ರವಲ್ಲ. 2023ರ ನವೆಂಬರಿನ ನಂತರ ವೈಯಕ್ತಿಕ ಖಾತೆ ತೆರೆದವರು 20 ಜನರನ್ನು ಕೂಡಿಸಿ ಸತತ 14 ದಿನ ಆಪ್ ಪರೀಕ್ಷೆ ಮಾಡಿಸಬೇಕೆಂಬ ಕಟ್ಟಳೆ ಬಂತು. ಆಮೇಲೆ ಅದು 12 ಜನಕ್ಕಿಳಿಯಿತು. ಸಂಸ್ಥೆಗಳಿಗೆ ಇದಿಲ್ಲ, ಒಂಟಿಯಾಗಿ ದುಡಿಯುವವರಿಗೆ ಮಾತ್ರ. 2024ರ ಮಾರ್ಚಿನಲ್ಲಿ ಶುಲ್ಕದ ಜಗಳದಲ್ಲಿ ಶಾದಿ, ನೌಕರಿಯಂಥ ದೊಡ್ಡ ಆಪ್‌ಗಳನ್ನೇ ಗೂಗಲ್ ಕಿತ್ತುಹಾಕಿತು. ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಅವು ಮರಳಿದವು. ಹೊಳೆಆಲೂರಿನ ಹುಡುಗಿಯ ಆಪ್ ಕಿತ್ತರೆ ಯಾವ ಮಂತ್ರಿ ಬಂದಾರು? 2025ರ ಆಗಸ್ಟಿನಲ್ಲಂತೂ, ಪ್ಲೇ ಸ್ಟೋರಿನ ಹೊರಗೆ ಹಂಚುವ ಆಪ್‌ಗಳ ತಯಾರಕರೂ ತಮ್ಮ ಗುರುತನ್ನು ದೃಢಪಡಿಸಬೇಕೆಂದು ಗೂಗಲ್ ಸಾರಿತು. ಹಿತ್ತಲ ಬಾಗಿಲಿಗೂ ಕಾವಲು ಬಂತು.

ಇದರ ಎದುರಿಗೆ ‘ಅಲರ್’ ಇಟ್ಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, ಸುಮಾರು ಒಂದೂವರೆ ಲಕ್ಷ ಪದ. 2019ರಲ್ಲಿ ಅದು ಬಂದದ್ದು ಜಾಲತಾಣವಾಗಿ, ಮುಕ್ತ ಪರವಾನಗಿಯಲ್ಲಿ. ಯಾವ ಫೋನಿನಲ್ಲೂ ತೆರೆಯುತ್ತದೆ. ಅದರ ಪದರಾಶಿಯನ್ನು ಪಡೆದು ಯಾರು ಬೇಕಾದರೂ ಇನ್ನೊಂದನ್ನು ಕಟ್ಟಬಹುದು. ಅದನ್ನು ತೆರೆದಿಡಲು ಯಾವ ಅಂಗಡಿಯ ಅಪ್ಪಣೆಯೂ ಬೇಕಾಗಲಿಲ್ಲ.

‘ಜನ ಹುಡುಕುವುದು ಪ್ಲೇ ಸ್ಟೋರಿನಲ್ಲೇ ಅಲ್ಲವೇ?’ ಎಂದು ನೀವು ಕೇಳಬಹುದು. ನಿಜ, ಅಲ್ಲೊಂದು ಪ್ರತಿ ಇಡಿ. ‘ನೆಟ್ ಹೋದರೆ?’ ಒಮ್ಮೆ ತೆರೆದ ಮೇಲೆ ನೆಟ್ ಇಲ್ಲದೆಯೂ ನಡೆಯುವಂತೆ ಜಾಲಪುಟ ಕಟ್ಟಲು ಬರುತ್ತದೆ. ‘ಡೊಮೇನಿಗೂ ಬಾಡಿಗೆ ಇದೆಯಲ್ಲ?’ ಇದೆ. ಆದರೆ ಸರ್ವರಿನವ ಕೈಕೊಟ್ಟರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಅದೇ ಹೆಸರಿನಲ್ಲಿ ಬಾಗಿಲು ತೆರೆಯಬಹುದು. ಆಪ್ ಅಂಗಡಿಯಲ್ಲಿ ಆ ಮಾತಿಲ್ಲ.

ಆಟದ ಆಪ್ ಮಾಡಿ ಮಾರುವವರ ಲೆಕ್ಕ ಬೇರೆ ಇರಲಿ. ಪದ, ಪದ್ಯ, ಪಾಠಗಳನ್ನು ಮುಂದಿನವರಿಗೆ ದಾಟಿಸಲು ದುಡಿಯುವವರು ಮೊದಲು ಜಾಲತಾಣ ಕಟ್ಟಲಿ, ಆಮೇಲೆ ಆಂಡ್ರಾಯ್ಡ್. ಐಫೋನ್, ಕೈಯಲ್ಲಿ ಕಾಸು ಉಳಿದರೆ.