ಮೊದಲು ಕಾಲುಂಗುರ ತೆಗೆಯಿರಿ

ಹೊಸ್ತಿಲಿಗೆ ಎಡವಿ ಕಾಲ್ಬೆರಳು ಜಜ್ಜಿಕೊಂಡ ತಾಯಂದಿರು ನನ್ನ ಚಿಕಿತ್ಸಾಲಯಕ್ಕೆ ಬರುವುದು ಬಹುಮಟ್ಟಿಗೆ ಎರಡನೆಯ ದಿನ. ಅಷ್ಟರಲ್ಲಿ ಬೆರಳು ಊದಿ, ಕಾಲುಂಗುರವು ಚರ್ಮದೊಳಗೆ ಹೂತಿರುತ್ತದೆ. ಮುತ್ತೈದೆಯಾದವಳು ಅದನ್ನು ತೆಗೆಯಬಾರದೆಂಬ ಅಂಜಿಕೆಯೇ ಇದಕ್ಕೆ ಕಾರಣ. ಪೆಟ್ಟಾದದ್ದು ಕೈಬೆರಳಿರಲಿ, ಕಾಲ್ಬೆರಳಿರಲಿ, ಊತ ಏರುವ ಮೊದಲೇ ಉಂಗುರವನ್ನು ತೆಗೆಯಲೇಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಇಲ್ಲವಾದರೆ ಅದು ಬಿಗಿದು ರಕ್ತಸಂಚಾರವನ್ನೇ ತಡೆಯುತ್ತದೆ. ಸಾಬೂನು ಅಥವಾ ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ತಿರುಗಿಸುತ್ತ ಹೊರತೆಗೆಯಬಹುದು. ಬಾರದಿದ್ದರೆ ವೈದ್ಯರಲ್ಲಿಗೆ ಹೋಗಿ ಕತ್ತರಿಸಿ ತೆಗೆಸಬೇಕು. ಬೆಳ್ಳಿಯನ್ನು ಅಕ್ಕಸಾಲಿಗರು ಮತ್ತೆ ಬೆಸೆದುಕೊಡುತ್ತಾರೆ. ಮನಸ್ಸಿಗೆ ಕಸಿವಿಸಿಯಾದರೆ, ಇನ್ನೊಂದು ಕಾಲಿನ ಉಂಗುರವಂತೂ ಇದ್ದೇ ಇರುತ್ತದೆಯಲ್ಲ!

ಚರ್ಮ ಹರಿದಿದ್ದರೆ ಗಾಯಕ್ಕೆ ಅರಿಶಿನವನ್ನೋ ಕಾಫಿಪುಡಿಯನ್ನೋ ಮೆತ್ತುವ ರೂಢಿ ನಮ್ಮಲ್ಲಿದೆ. ಅರಿಶಿನದ ಗುಣವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ವ್ರಣಚಿಕಿತ್ಸೆಗೆ 60 ಉಪಕ್ರಮಗಳನ್ನು ಹೇಳಿದ ಸುಶ್ರುತ ಸಂಹಿತೆಯು ಶೋಧನಕ್ಕೆ ದೊಡ್ಡ ಸ್ಥಾನವನ್ನಿತ್ತಿದೆ. ಮಣ್ಣಿರುವ ಗಾಯದ ಮೇಲೆ ಅಡುಗೆಮನೆಯ ಡಬ್ಬಿಯ ಪುಡಿಯನ್ನು ಉದುರಿಸುವುದು ಶೋಧನವಲ್ಲ. ಹರಿಯುವ ಶುದ್ಧ ನೀರಿನಲ್ಲಿ ಐದು ನಿಮಿಷ ತೊಳೆದು, ಶುಚಿಯಾದ ಬಟ್ಟೆಯನ್ನೊತ್ತಿ ಹಿಡಿದು, ರಕ್ತ ನಿಂತ ಮೇಲೆ ಪಟ್ಟಿ ಕಟ್ಟಿರಿ. ಊದಿದ ಬೆರಳನ್ನು ಮೊದಲ ದಿನವೇ ಎಣ್ಣೆ ಹಚ್ಚಿ ನೀವುವುದು ಸಲ್ಲದು. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿರಿ.

ಬೆರಳು ಸೊಟ್ಟಗಾಗಿದ್ದರೆ, ಮರಗಟ್ಟಿದ್ದರೆ ಅಥವಾ ನೀಲಿಗಟ್ಟಿ ತಣ್ಣಗಾಗಿದ್ದರೆ ಮನೆಮದ್ದು ಬೇಡ. ಗಾಯ ಮಣ್ಣಿನಲ್ಲಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಮಧುಮೇಹವುಳ್ಳವರಿಗೆ ಎಷ್ಟೋ ಬಾರಿ ಕಾಲಿನ ನೋವೇ ತಿಳಿಯುವುದಿಲ್ಲ. ಅವರ ಕಾಲ್ಬೆರಳಿನ ಗಾಯ ಎಷ್ಟೇ ಚಿಕ್ಕದಿರಲಿ, ಅಂದೇ ತೋರಿಸತಕ್ಕದ್ದು.