ಕಾಪಾಡುವ ಕೈಗೆ ಕಾಪು

ಪಂಚಗಂಗೆ ಉಕ್ಕಿ ಹರಿದಾಗ ಕೊಲ್ಲಾಪುರದ ಬಳಿಯ ಶಿರೋಳಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಿನಡಿ ಸೇರುತ್ತದೆ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಹಾಗೆಯೇ ಆಯಿತು. ಎರಡನೆಯ ಪ್ರವಾಹ ಬಂದದ್ದು ಕೊರೊನಾ ಇನ್ನೂ ತಣಿಯದಿದ್ದ ಕಾಲದಲ್ಲಿ. ಪರಸ್ಪರ ದೂರವಿರಬೇಕೆಂಬ ನಿಯಮವನ್ನು ಪಾಲಿಸುತ್ತ, ನೀರಿನಲ್ಲಿ ಸಿಕ್ಕವರನ್ನು ದೋಣಿಗೆ ಎತ್ತಿಕೊಳ್ಳಲಾಗದು. ಆದುದರಿಂದ ರಕ್ಷಣಾ ಕಾರ್ಯದಲ್ಲಿ ತೊಡಗಿದವರು ಲಸಿಕೆಯನ್ನು ಹೇಗೆ ಕಾಣುತ್ತಾರೆ ಎಂಬುದು ಕೇವಲ ಅವರ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಭಾರತದಲ್ಲಿ ಕೊರೊನಾ ಲಸಿಕೆಯ ಅಭಿಯಾನ 2021ರ ಜನವರಿ 16ರಂದು ವೈದ್ಯಕೀಯ ಸಿಬ್ಬಂದಿಯಿಂದ ಆರಂಭವಾಯಿತು. ಫೆಬ್ರವರಿಯಲ್ಲಿ ಪೊಲೀಸರು, ಗೃಹರಕ್ಷಕರು, ವಿಪತ್ತು ನಿರ್ವಹಣೆಯವರು, ಪೌರಕಾರ್ಮಿಕರ ಸರದಿ ಬಂತು. ಮೊದಲ ಸಾಲಿನಲ್ಲಿ ನಿಂತವರಲ್ಲಿಯೇ ಹಲವರು ಹಿಂಜರಿದರು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕೋವ್ಯಾಕ್ಸಿನ್‌ಗೆ ಜನವರಿ 3ರಂದು ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿರಲಿಲ್ಲ. ಹಾಕಿಸಿಕೊಳ್ಳುವವರು ಒಪ್ಪಿಗೆಪತ್ರಕ್ಕೆ ಸಹಿ ಮಾಡಬೇಕಿತ್ತು. ದೆಹಲಿಯ ವೈದ್ಯರೇ ಪ್ರಶ್ನೆ ಎತ್ತಿದ ವಿಷಯದಲ್ಲಿ ದೋಣಿ ನಡೆಸುವವನೊಬ್ಬ ಅನುಮಾನಪಟ್ಟರೆ ಅದು ಅಪರಾಧವೆನಿಸದು.

ಇಂಥ ಅನುಮಾನ ಹೊಸದಲ್ಲ. ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡನು. ಮರುವರ್ಷ ಪ್ಲೇಗಿನಿಂದ ತತ್ತರಿಸಿದ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಆದರೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್‌ನಲ್ಲಿ ಒಂದೇ ಸೀಸೆಯ ಮದ್ದು ಮಲಿನಗೊಂಡು 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆಯ ಮೇಲಿನ ವಿಶ್ವಾಸ ಕುಸಿಯಿತು. ಹಾಫ್ಕಿನ್ ಆರೋಪಮುಕ್ತನಾಗಲು 1907ರವರೆಗೆ ಕಾಯಬೇಕಾಯಿತು. ನಂಬಿಕೆ ಕೆಡಲು ಒಂದು ದಿನ ಸಾಕು, ಕೂಡಲು ವರ್ಷಗಳು ಬೇಕು.

ಆಜ್ಞೆ ಹೊರಡಿಸಿದರೆ ಸಾಕು, ತೋಳು ಒಡ್ಡುತ್ತಾರೆ ಎಂಬುದು ಒಂದು ವಾದ. ಸಮವಸ್ತ್ರ ತೊಟ್ಟವನು ಆಜ್ಞೆಯನ್ನು ಪಾಲಿಸಿಯಾನು. ಆದರೆ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಅವನು ಹೇಳುವ ಮಾತು ಆಜ್ಞೆಯಿಂದ ಹುಟ್ಟುವುದಿಲ್ಲ. ಊರಿನವರು ಕಿವಿಗೊಡುವುದು ಆ ಮಾತಿಗೇ. ಅದೇ ವೇಳೆ, ಅನುಮಾನಕ್ಕೆ ಉತ್ತರ ದೊರೆತ ಮೇಲೂ ಹಿಂಜರಿಯುವುದು ಕರ್ತವ್ಯಕ್ಕೆ ಒಪ್ಪುವುದಿಲ್ಲ. ಲಸಿಕೆ ಸೋಂಕನ್ನು ಪೂರ್ಣವಾಗಿ ತಡೆಯದಿರಬಹುದು, ತೀವ್ರ ಕಾಯಿಲೆಯಿಂದ ಬಹುಮಟ್ಟಿಗೆ ಕಾಯುತ್ತದೆ. ರಕ್ಷಕನೇ ಹಾಸಿಗೆ ಹಿಡಿದರೆ ಹುಟ್ಟು ಹಾಕುವವರಾರು? ಮುಳುಗುವವನಿಗೆ ತನ್ನನ್ನು ಎತ್ತುವವನನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಆ ಅಸಹಾಯಕತೆಯೇ ಎತ್ತುವವನ ಹೊಣೆಯನ್ನು ಹೆಚ್ಚಿಸುತ್ತದೆ.

ಕೊರೊನಾ ಹಿಂದೆ ಸರಿದರೂ ಈ ಹೊಣೆ ಸರಿದಿಲ್ಲ. ನೆರೆಯ ಕೆಸರಿನಲ್ಲಿ ತಗಡು, ಮೊಳೆ ತಗಲಿದ ಗಾಯಕ್ಕೆ ಧನುರ್ವಾಯುವಿನ ಭಯವಿದೆ; ಅದರ ರಕ್ಷೆಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಹೆದ್ದಾರಿಯ ಅಪಘಾತದಲ್ಲಿ ಗಾಯಾಳುವಿನ ರಕ್ತ ಮುಟ್ಟುವ ಆಂಬುಲೆನ್ಸ್ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಬೇಕು. ಅವು ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ನೀರು ಏರಿದ ಮೇಲೆ ಯೋಚಿಸಿದರೆ ಕಾಲ ಮಿಂಚಿರುತ್ತದೆ.

ಇಲ್ಲಿ ಭಾಷೆಯ ಪಾತ್ರ ಚಿಕ್ಕದಲ್ಲ. ಸಿಡುಬಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ದೇವಿ’ ಎಂಬ ಹೆಸರಿದೆ. ಅದರ ಲಸಿಕೆಗೂ ‘ದೇವಿ ಹಾಕಿಸುವುದು’ ಎಂದೇ ಜನ ಹೇಳಿದರು. ಭಯದ ಹೆಸರೇ ಅಭಯದ ಹೆಸರಾಯಿತು. ಹೊಸದನ್ನು ತನ್ನ ನುಡಿಯಲ್ಲಿ ಹೆಸರಿಸಿಕೊಂಡ ಸಮಾಜ ಅದನ್ನು ಅರ್ಧ ಒಪ್ಪಿಕೊಂಡಂತೆಯೇ. ಕನ್ನಡ, ಮರಾಠಿ ಬೆರೆತ ಈ ಗಡಿಸೀಮೆಯಲ್ಲಿ ಒಪ್ಪಿಗೆಪತ್ರವೂ ಅಡ್ಡಪರಿಣಾಮಗಳ ವಿವರವೂ ಓದುವವನ ಮಾತಿನಲ್ಲಿರಬೇಕು. ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ಎರಡನ್ನೂ ಮುಚ್ಚಿಡದೆ ಹೇಳಬೇಕು. ಅಂಥ ತಿಳಿಗನ್ನಡವನ್ನು ಬರೆಯಬಲ್ಲವರನ್ನು ಸಿದ್ಧಪಡಿಸುವುದು ಕನ್ನಡ ತರಗತಿಗಳ ಕೆಲಸವೂ ಹೌದು.