ಗೋಡೆಗೆ ಒಪ್ಪುವ ಹೊದಿಕೆ

ಮನೆ ಕಟ್ಟಿಸುವವರು ತಳಪಾಯಕ್ಕೆ ಕೊಡುವಷ್ಟು ಗಮನವನ್ನು ಗೋಡೆಯ ಹೊರಮೈಗೆ ಕೊಡುವುದಿಲ್ಲ. ಗಿಲಾವು ಎಂದರೆ ಅಂದಕ್ಕಾಗಿ ಮಾಡುವ ಕೊನೆಯ ಕೆಲಸವೆಂದೇ ಅನೇಕರ ಭಾವನೆ. ಆದರೆ ಮಳೆ, ಬಿಸಿಲು, ಗಾಳಿಗಳ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಒಂದು ಅಂಗುಲಕ್ಕೂ ಕಡಿಮೆ ದಪ್ಪದ ಆ ಪದರವೇ. ಅದು ಗೋಡೆಗೆ ಒಪ್ಪಿದರೆ ಮನೆ ತಲೆಮಾರುಗಳ ಕಾಲ ನಿಲ್ಲುತ್ತದೆ. ಒಪ್ಪದಿದ್ದರೆ ಹೊದಿಕೆಯೇ ಗೋಡೆಯನ್ನು ತಿನ್ನುತ್ತದೆ. ಇದನ್ನು ನಾವು ಗ್ರಂಥ ನೋಡಿ ಹೇಳುತ್ತಿಲ್ಲ; ನಮ್ಮ ತಪ್ಪಿನಿಂದ ಕಲಿತು ಹೇಳುತ್ತಿದ್ದೇವೆ.

ನಮ್ಮ ಹಿರಿಯರ ಮನೆ ಮಣ್ಣಿನ ಗೋಡೆಯ ಮಾಳಿಗೆ. ಪ್ರತಿವರ್ಷ ಯುಗಾದಿಗೆ ಮುನ್ನ ನಮ್ಮ ತಾಯಿಯವರು ಮಣ್ಣು, ಸಗಣಿ, ಹೊಟ್ಟು ಕಲಸಿ ಹೊರಗೋಡೆಗೆ ಮೆತ್ತಿಸಿ, ಒಣಗಿದ ಮೇಲೆ ಸುಣ್ಣ ಬಳಿಸುತ್ತಿದ್ದರು. ಅವರ ಕಾಲಾನಂತರ ಅಣ್ಣನವರು, “ವರ್ಷವರ್ಷವೂ ಈ ಶ್ರಮ ಯಾರಿಂದಾದೀತು?” ಎಂದು ಕೇಳಿದಾಗ, “ಸಿಮೆಂಟು ಮಾಡಿಸಿಬಿಡಿರಿ, ಚಿಂತೆ ತಪ್ಪುತ್ತದೆ” ಎಂದವರು ನಾವೇ. ಎರಡು ಮಳೆಗಾಲ ಗೋಡೆ ಕನ್ನಡಿಯಂತಿತ್ತು. ಮೂರನೆಯ ವರ್ಷ ಒಳಗಡೆ ಮೊಣಕಾಲೆತ್ತರಕ್ಕೆ ತೇವ ಕಾಣಿಸಿಕೊಂಡು ಬಿಳಿಯ ಉಪ್ಪು ಉದುರತೊಡಗಿತು. ಐದನೆಯ ವರ್ಷ, ಒಂದು ಶ್ರಾವಣದ ರಾತ್ರಿ, ಪಡಸಾಲೆಯ ಗೋಡೆ ಕುಸಿಯಿತು. ಮಕ್ಕಳು ಅಂದು ಒಳಮನೆಯಲ್ಲಿ ಮಲಗಿದ್ದುದೇ ಪುಣ್ಯ. ಅಣ್ಣನವರು ನಮಗೆ ಒಂದು ಮಾತೂ ಅನ್ನಲಿಲ್ಲ. ಆ ಮೌನವೇ ನಮ್ಮನ್ನು ಕಾರಣ ಹುಡುಕಲು ಹಚ್ಚಿತು.

ಕಾರಣ ಸರಳವಾದುದು. ಹಳೆಯ ಗೋಡೆಯ ಬುಡ ನೆಲದ ತೇವವನ್ನು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರುತ್ತದೆ. ಮಣ್ಣು, ಸುಣ್ಣಗಳ ಹೊದಿಕೆಯಿದ್ದರೆ ಆ ತೇವ ಹೊರಮೈಯಿಂದ ಆರಿಹೋಗುತ್ತದೆ. ಸಿಮೆಂಟಿನ ಬಿಗಿಯಾದ ಪದರ ಆ ದಾರಿಯನ್ನು ಬಹಳಮಟ್ಟಿಗೆ ಮುಚ್ಚುತ್ತದೆ. ತೇವ ಮೇಲಕ್ಕೂ ಒಳಕ್ಕೂ ಸರಿಯುತ್ತದೆ. ಪದರದ ಸೀಳುಗಳಲ್ಲಿ ಇಳಿದ ಮಳೆನೀರು ಕೂಡ ಹೊರಬರಲಾರದೆ ಅಲ್ಲಿಯೇ ನಿಲ್ಲುತ್ತದೆ. ಹೊರಗೆ ನುಣುಪಾಗಿ ಕಾಣುವ ಗೋಡೆ ಒಳಗೆ ಕೆಸರಾಗುತ್ತದೆ.

ಸುಣ್ಣದ ಗುಣವೇ ಬೇರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಅರೆದರೆ ಗಾರೆ. ಅದು ಗೋಡೆಯ ಮೇಲೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ನಮ್ಮ ಹಿರಿಯರು ಅದಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುತ್ತಿದ್ದುದುಂಟು. 1656ರಲ್ಲಿ ಕಾಲವಾದ ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ವಿಜಯಪುರದ ಗೋಲಗುಮ್ಮಟದಲ್ಲಿ ಗಾರೆಯ ಕೆಲಸವನ್ನು ಇಂದಿಗೂ ಕಾಣಬಹುದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದದ್ದು 1824ರಲ್ಲಿ. ಅದಕ್ಕೂ ಮೊದಲಿನ ಗೋಡೆಗಳೆಲ್ಲ ಅದಿಲ್ಲದೆಯೇ ನಿಂತವಲ್ಲವೆ?

ಹಾಗೆಂದು ಸಿಮೆಂಟನ್ನು ನಾವು ಹಳಿಯುವುದಿಲ್ಲ. ಸುಟ್ಟ ಇಟ್ಟಿಗೆಯ, ಕಾಂಕ್ರೀಟು ಬ್ಲಾಕಿನ ಹೊಸ ಮನೆಗೆ ಅದು ತಕ್ಕುದೇ. 1 ಪಾಲು ಸಿಮೆಂಟಿಗೆ 4ರಿಂದ 6 ಪಾಲು ಮರಳು ಸಾಮಾನ್ಯ ಪ್ರಮಾಣ. ಹೊರಗೋಡೆಗೆ ಎರಡು ಪದರ, ಒಟ್ಟು ಸುಮಾರು 20 ಮಿಲಿಮೀಟರ್ ದಪ್ಪ ಇರಲಿ. ಸಿಮೆಂಟು ಹೆಚ್ಚಿದಷ್ಟೂ ಗಟ್ಟಿ ಎಂಬುದು ಭ್ರಮೆ. ಅದು ಹೆಚ್ಚಾದರೆ ಒಣಗುವಾಗ ಕುಗ್ಗಿ ಸೀಳು ಬಿಡುತ್ತದೆ. 1 ಪಾಲು ಸಿಮೆಂಟು, 1 ಪಾಲು ಸುಣ್ಣ, 6 ಪಾಲು ಮರಳಿನ ಮಿಶ್ರಣ ಸೀಳುವುದು ಕಡಿಮೆ.

ಮೇಲ್ಮೈಯನ್ನು ಮುಗಿಸುವ ಬಗೆಗಳೂ ಹಲವು. ಕರಣೆಯಿಂದ ತೀಡಿದ ನುಣುಪು ನೋಟಕ್ಕೆ ಚೆಂದ. ಅತಿಯಾಗಿ ತೀಡಿದರೆ ಸಿಮೆಂಟಿನ ತಿಳಿ ಮೇಲೆದ್ದು ಕೂದಲೆಳೆಯ ಸೀಳುಗಳು ಬೀಳುತ್ತವೆ. ಸ್ಪಂಜಿನಿಂದ ಒರೆಸಿದ ಸಣ್ಣ ತರಿಯ ಮೈ ಹೊರಗೋಡೆಗೆ ಹೆಚ್ಚು ಸೂಕ್ತ. ಸಣ್ಣ ಜಲ್ಲಿ ಬೆರೆಸಿ ಎರಚುವ ಒರಟು ಗಿಲಾವು ಸೀಳುಗಳನ್ನು ಮರೆಮಾಡುತ್ತದೆ, ಆದರೆ ಧೂಳು ಹಿಡಿಯುತ್ತದೆ. ಹಸಿ ಗಿಲಾವಿನ ಮೇಲೆ ಬೆಣಚುಕಲ್ಲಿನ ಹರಳು ಎರಚುವ ಬಗೆಯೂ ಉಂಟು. ಅದಕ್ಕೆ ಬಣ್ಣದ ಖರ್ಚಿಲ್ಲ, ಆದರೆ ಹರಳು ಉದುರಿದರೆ ತೇಪೆ ಎದ್ದು ಕಾಣುತ್ತದೆ.

ಯಾವ ಬಗೆಯಾದರೂ ಕೆಲವು ನಿಯಮಗಳನ್ನು ಮನೆಯವರೇ ನಿಂತು ನೋಡಿಕೊಳ್ಳಬೇಕು. ಇಟ್ಟಿಗೆಯ ಸಂದುಗಳನ್ನು ಕೆರೆದು, ಗೋಡೆಯನ್ನು ನೀರಿನಿಂದ ತೋಯಿಸಿದ ನಂತರವೇ ಗಿಲಾವು ಹಿಡಿಸಿರಿ. ಕಾಂಕ್ರೀಟು ಕಂಬ ಇಟ್ಟಿಗೆಯನ್ನು ಕೂಡುವಲ್ಲಿ ತಂತಿಜಾಲರಿ ಹೊಡೆಸಿರಿ. ಸಿಮೆಂಟು ಕಲಸಿದುದನ್ನು ಅರ್ಧ ಗಂಟೆಯೊಳಗೆ ಬಳಸಲಿ. ಬಿಗಿದ ಮೇಲೆ ನೀರು ಹೊಯ್ದು ಮತ್ತೆ ಕಲಸಲು ಬಿಡಬೇಡಿರಿ. ಕನಿಷ್ಠ 7 ದಿನ ಗೋಡೆಗೆ ನೀರುಣಿಸಿರಿ. ಒಣಗಿದ ಮೇಲೆ ಬೆರಳಗೆಣ್ಣಿನಿಂದ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದರೆ ಅಲ್ಲಿ ಗಿಲಾವು ಗೋಡೆಯನ್ನು ಹಿಡಿದಿಲ್ಲವೆಂದೇ ತಿಳಿಯಿರಿ.

ಮಣ್ಣಿನ ಹಳೆಯ ಮನೆಯಿರುವವರಲ್ಲಿ ನಮ್ಮ ವಿಶೇಷ ಬಿನ್ನಹವಿದೆ. ಈಗಾಗಲೇ ಸಿಮೆಂಟು ಮೆತ್ತಿಸಿ ತೇವ ಕಂಡಿದ್ದರೆ, ಅದರ ಮೇಲೆ ಇನ್ನೊಂದು ಪದರವನ್ನಾಗಲಿ ಬಣ್ಣವನ್ನಾಗಲಿ ಹಚ್ಚಬೇಡಿರಿ. ಗೋಡೆ ಉಬ್ಬಿದ್ದರೆ, ವಾಲಿದ್ದರೆ ಮೊದಲು ಆ ಭಾಗದಿಂದ ಮಕ್ಕಳು, ಮುದುಕರನ್ನು ದೂರವಿರಿಸಿ, ಬಲ್ಲವರನ್ನು ಕರೆಸಿರಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿರಿ. ಬೇಸಗೆಯ ಆರಂಭದಲ್ಲಿ ಸಿಮೆಂಟನ್ನು ಜಾಗ್ರತೆಯಿಂದ ತೆಗೆಸಿ, ಗೋಡೆ ಚೆನ್ನಾಗಿ ಆರಿದ ಮೇಲೆ ಮಣ್ಣಿನ ಗಿಲಾವು ಮಾಡಿಸಿ ಸುಣ್ಣ ಬಳಿಸಿರಿ.

ಕುಸಿದ ಗೋಡೆಯನ್ನು ಅಣ್ಣನವರು ಮರುವರ್ಷ ಮಣ್ಣಿನಲ್ಲಿಯೇ ಎಬ್ಬಿಸಿದರು. ಈಗ ಯುಗಾದಿಗೆ ಮುನ್ನ ಅವರ ಮೊಮ್ಮಕ್ಕಳು ಸುಣ್ಣದ ಬಕೆಟ್ಟು ಹಿಡಿದು ನಿಲ್ಲುತ್ತಾರೆ. ಕಳೆದ ಬಾರಿ ನಾವು ಹೋದಾಗ ಅಣ್ಣನವರು ನಮ್ಮ ಕೈಗೂ ಒಂದು ಕುಂಚ ಕೊಟ್ಟರು. ವರ್ಷಕ್ಕೊಮ್ಮೆ ಗೋಡೆಯನ್ನು ಮುಟ್ಟಿ ನೋಡುವ ಆ ಶ್ರಮವೇ ಮನೆಯನ್ನು ಕಾಯುತ್ತಿತ್ತೆಂಬುದು ನಮಗೆ ಆಗ ಅರಿವಾಯಿತು.